ಕೇಸಿಗಿಂತ ಮೊದಲು ಕೂಲಿಯ ಮಾತು

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹಲವು ವರ್ಷಗಳಿಂದ ಮಹಿಳಾ ಸಂಘಟನೆಯ ಕೆಲಸ ಮಾಡುತ್ತಿದ್ದೇನೆ. ಹೊಡೆತ ತಿಂದ, ಮೈಮೇಲೆ ಕೈ ಹಾಕಿಸಿಕೊಂಡ ಹೆಣ್ಣುಮಕ್ಕಳ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವುದೇ ಅದರಲ್ಲಿ ಜಾಸ್ತಿ. ಬರುವವರಲ್ಲಿ ಬಹಳ ಮಂದಿ ದಲಿತ ಕೇರಿಯವರು, ತುಂಡು ಹೊಲವೂ ಇಲ್ಲದವರು. ಅವರು ಮೊದಲು ಕೇಳುವ ಮಾತು ಸಾಮಾನ್ಯವಾಗಿ ಒಂದೇ: "ಅಕ್ಕಾ, ಕೇಸ್ ಮಾಡಿದ್ರ ನಾಳಿ ಕೂಲಿಗೆ ಯಾರು ಕರೀತಾರ?"

ಇದಕ್ಕೆ ಉತ್ತರ ಹುಡುಕದೆ ದೂರು ಬರೆಸಿದರೆ ಆ ದೂರು ಬಾಳುವುದಿಲ್ಲ. ಅದಕ್ಕೇ ನಾನು ಕೆಲಸ ಶುರು ಮಾಡುವುದು ಆ ಪ್ರಶ್ನೆಯಿಂದಲೇ.

ನಮ್ಮ ಕಡೆ ಭತ್ತದ ನಾಟಿ, ಹತ್ತಿ ಬಿಡಿಸುವುದು ಎಲ್ಲ ಗುಂಪಿನ ಕೆಲಸ. ಹತ್ತು ಹದಿನೈದು ಹೆಂಗಸರ ಗುಂಪಿಗೆ ಒಬ್ಬ ಮೇಸ್ತ್ರಿ. ಹೊಲದವರು ಮೇಸ್ತ್ರಿಗೆ ಫೋನ್ ಮಾಡುತ್ತಾರೆ, ಬೆಳಿಗ್ಗೆ ಟಂಟಂ ಗಾಡಿ ಬಂದು ಕೇರಿಯ ಮುಂದೆ ನಿಲ್ಲುತ್ತದೆ. ಒಂದು ಊರಿನಲ್ಲಿ ಹತ್ತಿ ಹೊಲದಲ್ಲೇ ಯಜಮಾನನ ಮಗ ಒಬ್ಬ ಹೆಂಗಸಿನ ಕೈಹಿಡಿದು ಎಳೆದ. ಅವಳು ಕೂಗಿಕೊಂಡಳು. ಅವನು ಜಾತಿ ಹಿಡಿದು ಬೈದ. ಮರುದಿನ ಟಂಟಂ ಬಂತು, ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಅದರ ಮಾರನೇ ದಿನ ಅವಳ ಅತ್ತೆಯನ್ನೂ ಬಿಟ್ಟು ಹೋಯಿತು. ಗಂಡ ಅದೇ ಮನೆಯಿಂದ ಮುಂಗಡ ತಂದಿದ್ದ, ಈಗಲೇ ವಾಪಸ್ ಕೊಡು ಅಂತ ಹೇಳಿಕಳಿಸಿದರು. ಕೇರಿಯ ಹೆಂಗಸರು ಬೆಳಗಿನ ಜಾವ ಬಯಲಿಗೆ ಹೋಗುವ ದಾರಿಯೂ ಅವರ ಬದುವಿನ ಮೇಲೇ ಇತ್ತು. ಅಲ್ಲಿ ಮುಳ್ಳು ಬಡಿದರು. ಮಾಡಿದ್ದು ಒಬ್ಬ, ಅನುಭವಿಸಿದ್ದು ಇಡೀ ಕೇರಿ. ಆಗ ಕೇರಿಯವರೇ ಅವಳಿಗೆ "ಸುಮ್ನ ಇರಬೇಕಿತ್ತಲ್ಲ ಯವ್ವಾ" ಅನ್ನಲು ಶುರು ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಗೆ ಹೊಡೆದರೆ ಯಾರ ಬಾಯಿಂದಲಾದರೂ ಬರುವ ಮಾತು ಅದು.

ಹಾಗಾಗಿ ಮೊದಲ ಸಲ ಮಾತಿಗೆ ಕೂತಾಗ ಏನಾಯಿತು ಎಂದು ನಾನು ಕೆದಕುವುದಿಲ್ಲ. ಅವಳ ಮನೆಯಲ್ಲಿ, ಹತ್ತು ಜನರ ಮುಂದೆ ಕೂರುವುದೂ ಇಲ್ಲ. ಕಾಲುವೆಗೆ ಬಟ್ಟೆ ಒಗೆಯಲು ಹೋದಾಗಲೋ, ಸಂಘದ ಕೋಣೆಯಲ್ಲೋ, ಅವಳು ನಂಬುವ ಒಬ್ಬಳು ಜೊತೆಗಿದ್ದರೆ ಸಾಕು. ಯಾರ ಹೊಲಕ್ಕೆ ಹೋಗುತ್ತೀ, ಯಾರ ಹತ್ತಿರ ಸಾಲ ಇದೆ, ಮನೆ ಯಾರ ಹೆಸರಲ್ಲಿದೆ, ರೇಷನ್ ಕಾರ್ಡ್ ಎಲ್ಲಿದೆ, ಮಕ್ಕಳು ಯಾವ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ, ಇದನ್ನೆಲ್ಲ ಕೇಳುತ್ತೇನೆ. ಹೀಗೆ ಮಾತಾಡುತ್ತಾ ಆದದ್ದನ್ನು ಅವಳೇ ಹೇಳಲು ಶುರು ಮಾಡುತ್ತಾಳೆ. ದೂರು ಕೊಡಬೇಕೋ ಬೇಡವೋ ಎನ್ನುವುದು ಅವಳ ತೀರ್ಮಾನ. ಅವಳು ಬೇಡ ಅಂದರೆ ಒತ್ತಾಯ ಮಾಡುವುದಿಲ್ಲ, ಹೋಗಿಬರುವುದನ್ನೂ ನಿಲ್ಲಿಸುವುದಿಲ್ಲ.

ಹತ್ತಿ ಹೊಲದ ಹೆಂಗಸು ಕೊಡುತ್ತೇನೆ ಅಂದಳು. ನಾವು ಮೊದಲು ಪಕ್ಕದ ಊರಿನ ಗುಂಪಿನ ಹೆಂಗಸರ ಜೊತೆ ಮಾತಾಡಿ ಅವಳನ್ನೂ ಅತ್ತೆಯನ್ನೂ ಅಲ್ಲಿಗೆ ಸೇರಿಸಿದೆವು. ಪಂಚಾಯಿತಿಗೆ ಹೋಗಿ ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ಅರ್ಜಿ, ನಮೂನೆ 6 ತುಂಬಿಸಿ, ದಿನಾಂಕ ಹಾಕಿದ ರಸೀದಿ ಇಸಿದುಕೊಂಡೆವು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು ಅನ್ನುವುದು ಆ ಕಾಯ್ದೆಯಲ್ಲಿತ್ತು. ಆ ರಸೀದಿ ಕೈಯಲ್ಲಿ ಇದ್ದದ್ದರಿಂದ ಅವಳ ಗಂಡನ ಧೈರ್ಯ ಎಷ್ಟು ಬದಲಾಯಿತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ದೂರು. ಇದನ್ನು ಅವಳ ಬಾಯಿಮಾತಿನಲ್ಲೇ ಬರೆಯಬೇಕು. ಅವನು ಬೈದ ಬೈಗುಳ ಎಷ್ಟೇ ಹೊಲಸಾಗಿರಲಿ, ಇದ್ದ ಹಾಗೇ ಬರೆಯುತ್ತೇನೆ. "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಬರೆದರೆ ಜಾತಿ ಅಲ್ಲೇ ಅಳಿಸಿಹೋಗುತ್ತದೆ. ಅವಳ ಜಾತಿ ಪ್ರಮಾಣಪತ್ರದ ನಕಲು ಜೊತೆಗಿರಬೇಕು, ಅವನು ಯಾವ ಜಾತಿಯವನು ಅನ್ನುವುದೂ ದೂರಿನಲ್ಲಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2015ರ ತಿದ್ದುಪಡಿಯಲ್ಲಿ ಬಂದ 3(1)(ಡಬ್ಲ್ಯೂ) ಕಲಂ, ದಲಿತ ಇಲ್ಲವೇ ಆದಿವಾಸಿ ಹೆಣ್ಣುಮಗಳನ್ನು ಒಪ್ಪಿಗೆ ಇಲ್ಲದೆ ಲೈಂಗಿಕವಾಗಿ ಮುಟ್ಟುವುದನ್ನೂ, ಅಂಥ ಮಾತು, ಸನ್ನೆಗಳನ್ನೂ ಅಪರಾಧ ಎನ್ನುತ್ತದೆ. ಈ ಕಾಯ್ದೆ ಹಾಕಿದರೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆರೋಪಿಗೆ ಸಾಮಾನ್ಯವಾಗಿ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಸಿಗುವುದಿಲ್ಲ. ಸಾಧಾರಣ ಜಗಳ ಅಂತ ದಾಖಲಾದರೆ ಇದ್ಯಾವುದೂ ಇಲ್ಲ.

ಠಾಣೆಯಲ್ಲಿ ನಮ್ಮನ್ನು ಸಂಜೆವರೆಗೆ ಕೂರಿಸಿದರು. "ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್" ಅಂದರು. 2018ರ ತಿದ್ದುಪಡಿಯಲ್ಲಿ ಸೇರಿಸಿದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಅದರ ಜೆರಾಕ್ಸ್ ನನ್ನ ಚೀಲದಲ್ಲಿ ಸದಾ ಇರುತ್ತದೆ, ಟೇಬಲ್ ಮೇಲೆ ಇಟ್ಟೆ. ಕರ್ತವ್ಯ ಮಾಡದ ಅಧಿಕಾರಿಗೆ ಇದೇ ಕಾಯ್ದೆಯ 4ನೇ ಕಲಂನಲ್ಲಿ ಶಿಕ್ಷೆ ಇದೆ. ಆದರೆ ಅದನ್ನು ನಾನು ಗಟ್ಟಿಯಾಗಿ ಓದಲು ಹೋಗುವುದಿಲ್ಲ. ನಾಳೆಯೂ ಅದೇ ಠಾಣೆಗೆ ಇನ್ನೊಬ್ಬಳನ್ನು ಕರೆದುಕೊಂಡು ಬರಬೇಕು, ಅಲ್ವಾ? ಎಫ್‌ಐಆರ್ ಪ್ರತಿಯನ್ನು ದೂರುದಾರಳಿಗೆ ಉಚಿತವಾಗಿ ಕೊಡಬೇಕು. ಅದು ಕೈಗೆ ಬಂದ ಮೇಲೆಯೇ ನಾವು ಎದ್ದದ್ದು. ತೆಗೆದುಕೊಳ್ಳುವುದೇ ಇಲ್ಲ ಅಂದಾಗ ಎಸ್‌ಪಿಗೆ ರಿಜಿಸ್ಟರ್ ಅಂಚೆಯಲ್ಲಿ ದೂರು ಕಳಿಸಿದ್ದೂ ಇದೆ.

ಪ್ರತಿದೂರು ಬಂದೇ ಬರುತ್ತದೆ. ಇಲ್ಲಿಯೂ ಬಂತು: ಹತ್ತಿ ಕದ್ದಳು, ಹಿಡಿದಿದ್ದಕ್ಕೆ ಸುಳ್ಳು ಹೇಳುತ್ತಾಳೆ ಅಂತ. ಹತ್ತಿ ಬಿಡಿಸುವುದಕ್ಕೆ ಕೂಲಿ ಕೆಜಿ ಲೆಕ್ಕ. ಮೇಸ್ತ್ರಿಯ ಸಣ್ಣ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ತೂಕ ಬರೆದಿರುತ್ತದೆ. ಆ ದಿನದ ಹಾಳೆಯಲ್ಲಿ ಇವಳ ಹೆಸರಿನ ಮುಂದೆ ಮಧ್ಯಾಹ್ನದವರೆಗಿನ ತೂಕ ಇತ್ತು, ಆಮೇಲೆ ಖಾಲಿ. ಬೇರೆಯವರದ್ದು ಸಂಜೆವರೆಗೂ ಇತ್ತು. ಅವಳು ಹೇಳಿದ ಹೊತ್ತಿಗೂ ಅದಕ್ಕೂ ತಾಳೆಯಾಯಿತು. ದೂರು ಕೊಡುವ ಮೊದಲೇ ಆ ಹಾಳೆಯ ಫೋಟೋ ತೆಗೆದಿಟ್ಟಿದ್ದೆವು. ಕೂಲಿ ಹೆಂಗಸಿನ ಮಾತಿಗೆ ಸಾಕ್ಷಿ ಇರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವಳು ದುಡಿಯುವ ಜಾಗದಲ್ಲೇ ಅದು ಇರುತ್ತದೆ, ಹೋಗಿ ನೋಡಬೇಕು.

ಮನೆಯೊಳಗಿನ ಹೊಡೆತದ ಮಾತು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 44% ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಅಂದಿದ್ದಾರೆ. ಎಲ್ಲ ಜಾತಿ, ಎಲ್ಲ ಮನೆಗಳೂ ಇದರಲ್ಲಿವೆ. ಆದರೆ ಕೇರಿಯ ಹೆಂಗಸಿಗೆ ಇನ್ನೊಂದು ಭಯ: ಪೊಲೀಸರು ನನ್ನ ಗಂಡನನ್ನು ಎತ್ತಿಕೊಂಡು ಹೋಗಿ ಮೈ ಮುರಿಯುವ ಹಾಗೆ ಹೊಡೆದರೆ? ಅವನ ದುಡಿಮೆಯೂ ಹೋದರೆ? ಅಂಥವರಿಗೆ ನಾನು ಹೇಳುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಅದರಲ್ಲಿ ಅವನನ್ನು ಮೊದಲೇ ಜೈಲಿಗೆ ಹಾಕಿಸದೆ, ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಕೊಡಬೇಕು ಅಂತ ಮ್ಯಾಜಿಸ್ಟ್ರೇಟರಿಂದ ಆದೇಶ ತರಬಹುದು. ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ರಕ್ಷಣಾಧಿಕಾರಿ. ಅಂಗನವಾಡಿ ನಡೆಸುವ ಇಲಾಖೆ ಆಗಿರುವುದರಿಂದ ಹೆಂಗಸರಿಗೆ ಆ ಆಫೀಸಿನ ಮೆಟ್ಟಿಲು ಹತ್ತುವುದು ಠಾಣೆಯಷ್ಟು ಕಷ್ಟವಲ್ಲ.

ದೇವದಾಸಿ ತಾಯಂದಿರ ಮನೆಯಲ್ಲಿ ಇದೂ ಉಪಯೋಗಕ್ಕೆ ಬರುವುದು ಕಡಿಮೆ. ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಗಳನ್ನು ದೇವರಿಗೆ ಬಿಡುವುದನ್ನು, ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. ಆದರೂ ಮುತ್ತು ಕಟ್ಟಿಸಿಕೊಂಡವಳು ದೂರು ಕೊಡಲು ಹೋದರೆ "ಗಂಡ ಯಾರು?" ಅನ್ನುವುದೇ ಮೊದಲ ಪ್ರಶ್ನೆ. ಅಂಥ ಕಡೆ ನಾನು ಅವಳಿಗಿಂತ ಮುಂದಾಗಿ, ಈ ಪ್ರಶ್ನೆಗೂ ದೂರಿಗೂ ಸಂಬಂಧ ಇಲ್ಲ ಸಾರ್ ಅನ್ನುತ್ತೇನೆ. ಅವಳು ತಲೆ ತಗ್ಗಿಸುವ ಮೊದಲೇ ಈ ಮಾತು ಹೇಳಬೇಕು.

ಕಿವಿ ಕೇಳದ, ಮಾತು ಬಾರದ ಹುಡುಗಿಯೊಬ್ಬಳ ಕೇಸಿನಲ್ಲಿ ವಿಶೇಷ ಶಿಕ್ಷಕಿಯೊಬ್ಬರನ್ನು ಕರೆಸಿದೆವು. ಲೈಂಗಿಕ ದೌರ್ಜನ್ಯದ ಇಂಥ ಕೇಸುಗಳಲ್ಲಿ ಅವಳಿಗೆ ಅನುಕೂಲವಾದ ಜಾಗದಲ್ಲೇ, ಸನ್ನೆ ತಿಳಿದವರ ಎದುರು, ವಿಡಿಯೋ ಮಾಡಿ ಹೇಳಿಕೆ ತೆಗೆದುಕೊಳ್ಳಬೇಕು ಅಂತ 2013ರಿಂದಲೇ ಕಾನೂನಿದೆ. ನೆನಪಿಸಿದ ಮೇಲೆ ಮಾಡಿದರು.

ಕೋರ್ಟಿನ ದಾರಿ ಉದ್ದ. ನಡುವೆ ಊರ ಹಿರಿಯರು ರಾಜಿಗೆ ಬರುತ್ತಾರೆ, ದುಡ್ಡಿನ ಮಾತಾಡುತ್ತಾರೆ. ಬಹಳ ಕೇಸುಗಳು ಬೀಳುವುದು ಇಲ್ಲೇ, ಮತ್ತೆ ಅದೇ ಕೂಲಿಯ ಕಾರಣಕ್ಕೆ. ಒಂದು ತಾರೀಕಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೇ ನಿಯಮ ಇದೆ. ಸಾಕ್ಷಿ ಹೇಳಲು ಬರುವ ನೊಂದವಳಿಗೆ ಬಸ್ ಖರ್ಚು, ಜೊತೆಗೆ ಕೃಷಿ ಕೂಲಿಯ ಕನಿಷ್ಠ ದರಕ್ಕೆ ಕಡಿಮೆ ಇಲ್ಲದ ದಿನಭತ್ಯೆ ಕೊಡಬೇಕು. ಹೆಂಗಸಾದರೆ ತನಗೆ ಬೇಕಾದ ಒಬ್ಬರನ್ನು ಕರೆದುಕೊಂಡು ಬರಬಹುದು, ಅವರಿಗೂ ಖರ್ಚು ಸಿಗಬೇಕು. ಕೇಳಿದವರಿಗೇ ಕೊಡುವುದು ಕಷ್ಟ, ಕೇಳದವರಿಗೆ ಯಾರು ಕೊಡುತ್ತಾರೆ? ಪ್ರತಿ ತಾರೀಕಿಗೂ ನಾವು ಅರ್ಜಿ ಹಾಕುತ್ತೇವೆ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುತ್ತೇವೆ.

ಹತ್ತಿ ಹೊಲದ ಕೇಸು ಇನ್ನೂ ನಡೆಯುತ್ತಿದೆ. ಆ ಕೇರಿಯ ಹೆಂಗಸರು ಈಗ ತಮ್ಮದೇ ಗುಂಪು ಕಟ್ಟಿಕೊಂಡಿದ್ದಾರೆ, ಅವರಲ್ಲೇ ಒಬ್ಬಳು ಮೇಸ್ತ್ರಿ. ಕೆಲವು ಹೊಲದವರು ಇವರನ್ನು ಈಗಲೂ ಕರೆಯುವುದಿಲ್ಲ. ಕರೆಯುವವರ ಫೋನ್ ನಂಬರು ಬರೆದಿಟ್ಟುಕೊಂಡು, ಸುಗ್ಗಿಗೆ ಮೊದಲೇ ದರ ಮಾತಾಡಿ ಬರುತ್ತಾರೆ. ಮುಂದಿನ ತಾರೀಕಿಗೆ ಅವಳ ಜೊತೆ ಬರಲು ಅತ್ತೆಯೇ ಒಪ್ಪಿದ್ದಾಳೆ. ಅತ್ತೆಯ ಹೆಸರು ಸೇರಿಸಿ ಭತ್ಯೆಯ ಅರ್ಜಿ ಕೊಟ್ಟಿದ್ದೇವೆ.