ಕಾರಿಗೆ ಜಿಪಿಎಸ್ ಕೊಳ್ಳುವ ಮುನ್ನ ಹೋಲಿಸಬೇಕಾದದ್ದು ಪರದೆಯನ್ನಲ್ಲ, ನಕ್ಷೆಯನ್ನು

ಕಾರಿನ ಮುಂದಿನ ಗಾಜಿಗೆ ಅಂಟಿಸಿಕೊಳ್ಳುವ ಜಿಪಿಎಸ್ ಸಾಧನ ಕೊಳ್ಳಲು ಹೊರಟವರ ಜೊತೆ ನಾನು ಹಲವು ಬಾರಿ ಅಂಗಡಿಗೆ ಹೋಗಿದ್ದೇನೆ. ಹೆಚ್ಚುಕಡಿಮೆ ಎಲ್ಲರೂ ಮಾಡುವ ತಪ್ಪು ಒಂದೇ. ಯಾವುದರ ಪರದೆ ದೊಡ್ಡದು, ಯಾವುದರ ಬೆಲೆ ಕಡಿಮೆ, ಯಾವ ಪೆಟ್ಟಿಗೆಯ ಮೇಲೆ ಹೆಚ್ಚು ಸೌಲಭ್ಯಗಳನ್ನು ಅಚ್ಚು ಹಾಕಿದ್ದಾರೆ ಎಂದು ನೋಡಿ ಐದೇ ನಿಮಿಷದಲ್ಲಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಒಳಗಿರುವ ನಕ್ಷೆಯನ್ನು ಒಮ್ಮೆಯೂ ತೆರೆದು ನೋಡುವುದಿಲ್ಲ. ನಮ್ಮ ಭಾವನವರು ಹಾಗೆ ಕೊಂಡ ಸಾಧನ ಒಂದು ರಾತ್ರಿ ನಮ್ಮನ್ನು ಆಸ್ಪತ್ರೆಯ ಹಿಂಭಾಗದ ಓಣಿಗೆ ಕರೆದೊಯ್ದು, ಎತ್ತರದ ಕಾಂಪೌಂಡ್ ಗೋಡೆಯ ಎದುರು ನಿಲ್ಲಿಸಿ, ‘ನೀವು ತಲುಪಬೇಕಾದ ಸ್ಥಳ ಬಂದಿದೆ’ ಎಂದಿತು. ಮುಂಬಾಗಿಲು ಇದ್ದದ್ದು ಇನ್ನೊಂದು ರಸ್ತೆಯಲ್ಲಿ. ಹಿಂದಿನ ಸೀಟಿನಲ್ಲಿ ಜ್ವರದಿಂದ ನರಳುತ್ತಿದ್ದ ಮಗುವನ್ನು ಕೂರಿಸಿಕೊಂಡು ಆ ಗೋಡೆಯನ್ನು ಸುತ್ತಿ ಬಂದದ್ದನ್ನು ನಾನು ಮರೆತಿಲ್ಲ. ಹೋಲಿಕೆಯ ಕ್ರಮವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ.

ಮೊದಲ ಹೆಜ್ಜೆ ಮನೆಯಲ್ಲೇ ಆಗಬೇಕು. ಒಂದು ಕಾಗದದ ಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಐದು ಸ್ಥಳಗಳ ವಿಳಾಸ ಬರೆದುಕೊಳ್ಳಿ. ಒಂದು, ಮನೆ ಸಂಖ್ಯೆ ಸಮೇತ ನಿಮ್ಮದೇ ವಿಳಾಸ. ಎರಡನೆಯದು, ಈಚಿನ ಒಂದೆರಡು ವರ್ಷಗಳಲ್ಲಿ ತೆರೆದ ರಸ್ತೆಯನ್ನೋ ಮೇಲ್ಸೇತುವೆಯನ್ನೋ ಹಿಡಿದು ಹೋಗಬೇಕಾದ ಜಾಗ. ಮೂರನೆಯದು, ಏಕಮುಖ ಸಂಚಾರದ ರಸ್ತೆಗಳು ಹೆಣೆದುಕೊಂಡಿರುವ ಹಳೆಯ ಪೇಟೆಯೊಳಗಿನ ಜಾಗ. ನಾಲ್ಕನೆಯದು, ವಿಶಾಲ ಆವರಣವಿದ್ದು ಒಂದೇ ಕಡೆ ಗೇಟ್ ಇರುವ ಆಸ್ಪತ್ರೆ ಅಥವಾ ಕಾಲೇಜು. ಐದನೆಯದು, ಅಪರೂಪಕ್ಕೆ ಹೋಗುವ, ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಸಿಗದ ಊರು. ಈ ಐದನೆಯ ಸಾಲಿಗೆ ಬರೆಯಲು ನಿಮಗೆ ಯಾವ ಊರೂ ಹೊಳೆಯದಿದ್ದರೆ, ನಿಮ್ಮ ಓಡಾಟವೆಲ್ಲ ಸಿಗ್ನಲ್ ಇರುವ ನಗರದೊಳಗೇ ಆಗಿದ್ದರೆ, ಪ್ರತ್ಯೇಕ ಸಾಧನ ಕೊಳ್ಳಬೇಡಿ, ಫೋನ್ ಸಾಕು. ನಕ್ಷೆಯನ್ನು ತನ್ನೊಳಗೇ ಇಟ್ಟುಕೊಂಡಿರುವುದು, ಕರೆ ಬಂದಾಗ ಪರದೆ ಮರೆಯಾಗದಿರುವುದು, ಬಿಸಿಲಿನಲ್ಲಿ ಗಂಟೆಗಟ್ಟಲೆ ಗಾಜಿನ ಮೇಲೆ ಕೂತು ಕೆಲಸ ಮಾಡುವುದು, ಇವು ಬೇಕಾದವರಿಗೆ ಮಾತ್ರ ಪ್ರತ್ಯೇಕ ಸಾಧನ ಸಾರ್ಥಕ.

ಎರಡನೆಯ ಹೆಜ್ಜೆಯಲ್ಲಿ, ಹೋಲಿಸಬೇಕಿಲ್ಲದ್ದನ್ನು ಬದಿಗಿಡಿ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ ‘ಅತಿ ನಿಖರ ರಿಸೀವರ್’ (ಉಪಗ್ರಹದ ಸಂಕೇತ ಹಿಡಿಯುವ ಭಾಗ) ಎಂಬ ಮಾತಿಗೆ ಹೆಚ್ಚು ಹಣ ಕೊಡಬೇಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ; ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಸಾಧನ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಂದೀಚೆಗೆ ತೆರೆದ ರಸ್ತೆಯಲ್ಲಿ ಕೆಲವೇ ಮೀಟರ್‌ಗಳ ನಿಖರತೆ ಸಾಮಾನ್ಯ ಸಾಧನಕ್ಕೂ ಸಾಧ್ಯ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೋ ಉಪಗ್ರಹಗಳ ಸಂಕೇತವನ್ನೂ ಹಿಡಿಯುವ ಸಾಧನವಾದರೆ ಎತ್ತರದ ಕಟ್ಟಡಗಳ ನಡುವೆ ಅನುಕೂಲವಾಗುತ್ತದೆ ಎಂಬುದು ನಿಜ, ಆದರೆ ಜನ ದಾರಿ ತಪ್ಪುವುದು ರಿಸೀವರ್ ಕಾರಣದಿಂದ ಅಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಹೊಸ ಸಾಧನವನ್ನು ಮೊದಲ ಬಾರಿ ಆನ್ ಮಾಡಿದಾಗ ಬಹಳ ಹೊತ್ತು ‘ಉಪಗ್ರಹ ಹುಡುಕಲಾಗುತ್ತಿದೆ’ ಎಂದೇ ತೋರಿಸಬಹುದು. ಉಪಗ್ರಹ ಕಳಿಸುವ ಮಾಹಿತಿಯ ವೇಗ ಸೆಕೆಂಡಿಗೆ ಕೇವಲ 50 ಬಿಟ್. ಯಾವ ಉಪಗ್ರಹ ಎಲ್ಲಿರುತ್ತದೆ ಎಂಬ ಸ್ಥೂಲ ಪಟ್ಟಿ ಪೂರ್ತಿಯಾಗಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು. ಬಯಲಿನಲ್ಲಿ, ಗಾಡಿ ನಿಲ್ಲಿಸಿ, ಕಾಲು ಗಂಟೆ ಸುಮ್ಮನೆ ಬಿಡಿ. ಇಷ್ಟು ತಾಳ್ಮೆಯಿಲ್ಲದೆ ಒಳ್ಳೆಯ ಸಾಧನವನ್ನು ಕೆಟ್ಟಿದೆಯೆಂದು ಹಿಂದಿರುಗಿಸಿದವರನ್ನು ಕಂಡಿದ್ದೇನೆ.

ಪರದೆಯ ವಿಚಾರವನ್ನು ಬೇಗ ಮುಗಿಸಬಹುದು. ಅಳತೆಗಿಂತ ಸ್ಪಷ್ಟತೆ ಮುಖ್ಯ. ಐದು ಇಂಚಿನ ಎರಡು ಪರದೆಗಳಲ್ಲಿ ಒಂದು 480×272 ಪಿಕ್ಸೆಲ್, ಇನ್ನೊಂದು 800×480 ಪಿಕ್ಸೆಲ್ ಇರಬಹುದು. ಎರಡನೆಯದರಲ್ಲಿ ಚುಕ್ಕೆಗಳು ಸುಮಾರು ಮೂರು ಪಟ್ಟು ಹೆಚ್ಚು. ರಸ್ತೆಯ ಹೆಸರು ಕಣ್ಣು ಕಿರಿದಾಗಿಸದೆ ಓದಲು ಬರುತ್ತದೆ. ಅಂಗಡಿಯ ದೀಪದಡಿ ಎಲ್ಲವೂ ಚೆನ್ನಾಗಿಯೇ ಕಾಣುವುದರಿಂದ ಸಾಧನವನ್ನು ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡಿ. ಐದರಿಂದ ಆರು ಇಂಚಿನದು ಸಾಕು. ಸಣ್ಣ ಕಾರಿನಲ್ಲಿ ಏಳು ಇಂಚಿನ ಪರದೆ ರಸ್ತೆಯನ್ನೇ ಮರೆಮಾಡುತ್ತದೆ. ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಈಗ ಮುಖ್ಯವಾದ, ಎಲ್ಲರೂ ಎಡವುವ ಹೆಜ್ಜೆ. ಎರಡು ಅಥವಾ ಮೂರು ಸಾಧನಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಐದೂ ವಿಳಾಸಗಳನ್ನು ಪ್ರತಿಯೊಂದರಲ್ಲೂ ನಿಮ್ಮ ಕೈಯಾರೆ ಹುಡುಕಿ. ಅಂಗಡಿಯವರಿಗೆ ಬಿಡಬೇಡಿ; ಅವರ ಬೆರಳು ಪಳಗಿರುತ್ತದೆ, ಎಲ್ಲವೂ ಸುಲಭವೆಂದು ನಿಮಗೆ ಅನ್ನಿಸಿಬಿಡುತ್ತದೆ. ಒಳಗಡೆ ಉಪಗ್ರಹದ ಸಂಕೇತ ಸಿಗದಿದ್ದರೂ ಅಡ್ಡಿಯಿಲ್ಲ. ಹೆಚ್ಚಿನ ಸಾಧನಗಳ ಸೆಟ್ಟಿಂಗ್ಸ್‌ನಲ್ಲಿ ಜಿಪಿಎಸ್ ಆಫ್ ಮಾಡಿ, ನಕ್ಷೆಯ ಮೇಲೆ ಬೇಕಾದ ಜಾಗವನ್ನು ಮುಟ್ಟಿ, ಅಲ್ಲಿಂದ ಹೊರಟಂತೆ ದಾರಿ ತೋರಿಸುವ ಸಿಮ್ಯುಲೇಷನ್ ಅಥವಾ ಡೆಮೊ ವ್ಯವಸ್ಥೆ ಇರುತ್ತದೆ. ಹೊರಡುವ ಜಾಗ ಎಲ್ಲ ಸಾಧನಗಳಲ್ಲೂ ಒಂದೇ ಆಗಿರಲಿ. ಅದಕ್ಕೂ ಮುನ್ನ ದಾರಿ ಆರಿಸುವ ನಿಯಮಗಳನ್ನು ಸರಿಸಮ ಮಾಡಿಕೊಳ್ಳಿ: ಎಲ್ಲದರಲ್ಲೂ ‘ಕಡಿಮೆ ಸಮಯ’ ಎಂಬ ಆಯ್ಕೆ ಇರಲಿ, ಟೋಲ್ ರಸ್ತೆ, ಮಣ್ಣಿನ ರಸ್ತೆ, ಯು-ಟರ್ನ್ ಇವುಗಳನ್ನು ತಪ್ಪಿಸಬೇಕೋ ಬೇಡವೋ ಎಂಬುದೂ ಒಂದೇ ರೀತಿ ಇರಲಿ. ಒಂದು ಸಾಧನದಲ್ಲಿ ಟೋಲ್ ತಪ್ಪಿಸುವ ಗುರುತು ಬಿದ್ದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲನೆಯದು ಸುತ್ತುಬಳಸಿನ ದಾರಿ ತೋರಿಸುವುದು ಸಹಜ. ಅದು ಆ ಸಾಧನದ ದೋಷವಲ್ಲ. ಇನ್ನು ‘ಕಡಿಮೆ ದೂರ’ ಎಂಬ ಆಯ್ಕೆಯನ್ನು ಯಾವ ಸಾಧನದಲ್ಲೂ ಬಳಸಬೇಡಿ. ಅರ್ಧ ಕಿಲೋಮೀಟರ್ ಉಳಿಸಲು ಅದು ನಿಮ್ಮನ್ನು ಓಣಿಗಳೊಳಗೆ ನುಗ್ಗಿಸುತ್ತದೆ.

ವಿಳಾಸ ಹುಡುಕುವಾಗ, ಊರು, ರಸ್ತೆ, ಮನೆ ಸಂಖ್ಯೆ ಎಂದು ಒಂದೊಂದಾಗಿ ಕೇಳುತ್ತದೆಯೋ ಅಥವಾ ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಬರೆಯಲು ಬಿಡುತ್ತದೆಯೋ ನೋಡಿ. ನನ್ನ ಆಯ್ಕೆ ಎರಡನೆಯದು. ಸ್ಥಳದ ಹೆಸರಿನ ಕಾಗುಣಿತವನ್ನು ಬೇಕೆಂದೇ ಒಂದಕ್ಷರ ತಪ್ಪಿಸಿ ಬರೆದು ನೋಡಿ; ಒಳ್ಳೆಯದಾದರೆ ಸರಿಯಾದ ಹೆಸರನ್ನು ತಾನೇ ಮುಂದಿಡುತ್ತದೆ. ಮನೆ ಸಂಖ್ಯೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಲವು ನಕ್ಷೆಗಳಲ್ಲಿ ಪ್ರತಿ ಮನೆಯನ್ನೂ ಗುರುತಿಸಿರುವುದಿಲ್ಲ. ರಸ್ತೆಯ ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ 99 ಎಂದಿಟ್ಟುಕೊಂಡು, 50ನೆಯ ಮನೆ ನಟ್ಟನಡುವೆ ಇರಬೇಕೆಂದು ಅಂದಾಜು ಮಾಡುತ್ತವೆ. ನಿಮ್ಮ ಸ್ವಂತ ಮನೆಯನ್ನು ಪಟ್ಟಿಯ ಮೊದಲಿಗೆ ಇಡಲು ಹೇಳಿದ್ದು ಈ ಅಂದಾಜು ಎಷ್ಟು ತಪ್ಪಿದೆಯೆಂದು ನೀವು ತಕ್ಷಣ ಗುರುತಿಸಬಲ್ಲಿರಿ ಎಂಬ ಕಾರಣಕ್ಕೆ.

ಅಕ್ಷಾಂಶ, ರೇಖಾಂಶಗಳನ್ನು ಅಂಕಿಯಲ್ಲಿ ಕೊಟ್ಟು ಹೋಗುವ ಅಭ್ಯಾಸವಿದ್ದರೆ ಸಾಧನ ಯಾವ ಕ್ರಮದಲ್ಲಿ ಕೇಳುತ್ತದೆ ಎಂಬುದನ್ನೂ ಗಮನಿಸಿ. ಒಂದು ಡಿಗ್ರಿಗೆ 60 ಮಿನಿಟ್; ಹಾಗಾಗಿ 12 ಡಿಗ್ರಿ 30 ಮಿನಿಟ್ ಎಂದರೆ ದಶಮಾಂಶದಲ್ಲಿ 12.5. ಅದನ್ನು 12.30 ಎಂದು ಒತ್ತಿದರೆ ಸುಮಾರು 22 ಕಿ.ಮೀ. ಆಚೆಗೆ ಹೋಗುತ್ತೀರಿ. ಎರಡೂ ಕ್ರಮಗಳಲ್ಲಿ ಬರೆಯಲು ಬಿಡುವ ಸಾಧನ ಮೇಲು.

ಸ್ಥಳ ಸಿಕ್ಕಿದ ಮೇಲೆ ದಾರಿಯ ಕೊನೆಯ ತುದಿಯನ್ನು ಹಿಗ್ಗಿಸಿ ನೋಡಿ. ನಾನು ಕೊಳ್ಳುವವನ ಪಕ್ಕದಲ್ಲಿದ್ದರೆ ಹೆಚ್ಚು ಹೊತ್ತು ನಿಲ್ಲಿಸುವುದು ಇಲ್ಲೇ. ನಕ್ಷೆಯಲ್ಲಿ ಆಸ್ಪತ್ರೆಯೆಂಬುದು ಒಂದು ಚುಕ್ಕೆಯಾಗಿ ದಾಖಲಾಗಿರುತ್ತದೆ. ಆ ಚುಕ್ಕೆ ಕಟ್ಟಡದ ನಡುವೆ ಇದ್ದರೆ ಸಾಧನ ಅದಕ್ಕೆ ತೀರ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಕರೆದೊಯ್ಯುತ್ತದೆ. ಅದು ಹಿಂದಿನ ಓಣಿಯಾಗಿದ್ದರೆ ಓಣಿಗೆ, ಆವರಣದಾಚೆಯ ಹೆದ್ದಾರಿಯಾಗಿದ್ದರೆ ಹೆದ್ದಾರಿಗೆ. ಚೆನ್ನಾಗಿ ರೂಪಿಸಿದ ನಕ್ಷೆಯಲ್ಲಿ ಕಟ್ಟಡದ ಚುಕ್ಕೆ ಬೇರೆ, ವಾಹನ ಒಳಹೋಗುವ ಬಾಗಿಲಿನ ಚುಕ್ಕೆ ಬೇರೆ. ಭಾವನವರ ಸಾಧನದಲ್ಲಿ ಇಲ್ಲದಿದ್ದದ್ದು ಈ ಎರಡನೆಯ ಚುಕ್ಕೆ. ನಾಲ್ಕನೆಯ ವಿಳಾಸವನ್ನು ಕೊಟ್ಟು, ದಾರಿಯ ಗೆರೆ ಗೇಟಿನ ಮುಂದೆ ನಿಂತಿತೋ ಇಲ್ಲವೋ ನೋಡಿದರೆ ಇದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಡುವೆ ವಿಭಜಕವಿರುವ ರಸ್ತೆಯಾದರೆ ಸರಿಯಾದ ಬದಿಗೇ ತಲುಪಿಸುತ್ತದೆಯೋ ಎಂಬುದನ್ನೂ ನೋಡಬೇಕು.

ಬಳಿಕ ಎರಡನೆಯ ಮತ್ತು ಮೂರನೆಯ ವಿಳಾಸಗಳ ದಾರಿಯನ್ನು ಪೂರ್ತಿಯಾಗಿ ಸಿಮ್ಯುಲೇಷನ್‌ನಲ್ಲಿ ಓಡಿಸಿ. ಹೊಸ ಮೇಲ್ಸೇತುವೆ ನಕ್ಷೆಯಲ್ಲಿ ಇದೆಯೇ? ಏಕಮುಖ ರಸ್ತೆಗೆ ಎದುರಿನಿಂದ ನುಗ್ಗಿಸುತ್ತಿದೆಯೇ? ಮೇಲ್ಸೇತುವೆ ಮತ್ತು ಅದರ ಪಕ್ಕದ ಸರ್ವಿಸ್ ರಸ್ತೆ ಕವಲೊಡೆಯುವಲ್ಲಿ ಯಾವ ಲೇನ್ ಹಿಡಿಯಬೇಕೆಂದು ಚಿತ್ರದಲ್ಲಿ ತೋರಿಸುತ್ತಿದೆಯೇ, ಅದನ್ನು ಎಷ್ಟು ಮೊದಲೇ ಹೇಳುತ್ತಿದೆ? ‘ಎಡಕ್ಕೆ ತಿರುಗಿ’ ಎಂದಷ್ಟೇ ಹೇಳುವ ಧ್ವನಿಗಿಂತ ರಸ್ತೆಯ ಹೆಸರು ಹಿಡಿದು ಹೇಳುವ ಧ್ವನಿ ಎಷ್ಟೋ ಪಾಲು ಉತ್ತಮ, ಏಕೆಂದರೆ ಆಗ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಪ್ರತಿ ವಿಳಾಸದ ಮುಂದೆ ಸರಿ ಅಥವಾ ತಪ್ಪು ಎಂದು ಅದೇ ಕಾಗದದಲ್ಲಿ ಗುರುತು ಹಾಕುತ್ತ ಹೋಗಿ. ಐದರಲ್ಲಿ ಎರಡು ತಪ್ಪಿದ ಸಾಧನವನ್ನು, ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಕೈಬಿಡಿ.

ಒಂದು ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ: ಸಾಧನ ತಯಾರಿಸುವ ಕಂಪನಿಗಳೆಲ್ಲ ನಕ್ಷೆಯನ್ನು ತಾವೇ ಮಾಡುವುದಿಲ್ಲ. ಹಿಯರ್, ಟಾಮ್‌ಟಾಮ್‌ನಂಥ ನಕ್ಷೆ ಕಂಪನಿಗಳಿಂದ ಪಡೆಯುವುದೂ ಉಂಟು. ಹಾಗಾಗಿ ಬೇರೆ ಬೇರೆ ಹೆಸರಿನ ಎರಡು ಸಾಧನಗಳು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದರೆ ಆಶ್ಚರ್ಯವಿಲ್ಲ. ಸೆಟ್ಟಿಂಗ್ಸ್‌ನ ‘ಸಾಧನದ ಬಗ್ಗೆ’ ಎಂಬ ಪುಟದಲ್ಲಿ ನಕ್ಷೆಯ ಮೂಲ ಮತ್ತು ಆವೃತ್ತಿಯ ವರ್ಷ ಇರುತ್ತವೆ. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಾರೀಖನ್ನು ನೋಡಿ ಸಮಾಧಾನಪಡಬೇಡಿ, ನಕ್ಷೆ ಅದಕ್ಕಿಂತ ಹಳೆಯದಿರಬಹುದು. ಆವೃತ್ತಿ ತೀರ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿಸಿ ಮತ್ತೊಮ್ಮೆ ತೋರಿಸಲು ಕೇಳಿ. ಇಲ್ಲವಾದರೆ ಅನ್ಯಾಯವಾಗಿ ಒಳ್ಳೆಯ ಸಾಧನವನ್ನು ತಳ್ಳಿಹಾಕಿದಂತಾಗುತ್ತದೆ.

ಮುಂದಿನದು ‘ಲೈಫ್‌ಟೈಮ್ ಮ್ಯಾಪ್’, ಅಂದರೆ ಜೀವಮಾನವಿಡೀ ನಕ್ಷೆಯ ಅಪ್‌ಡೇಟ್ ಸಿಗುತ್ತದೆ ಎಂಬ ಮಾತು. ಇದು ನಿಮ್ಮ ಜೀವಮಾನವೂ ಅಲ್ಲ, ಕಾರಿನ ಜೀವಮಾನವೂ ಅಲ್ಲ. ಆ ಮಾದರಿಗೆ ನಕ್ಷೆ ಒದಗಿಸುವುದನ್ನು ಕಂಪನಿ ಮುಂದುವರಿಸುವಷ್ಟು ಕಾಲ ಮಾತ್ರ. 2018ರಲ್ಲಿ ಟಾಮ್‌ಟಾಮ್ ತನ್ನ ಕೆಲವು ಹಳೆಯ ಮಾದರಿಗಳಿಗೆ ಇನ್ನು ನಕ್ಷೆಯ ಅಪ್‌ಡೇಟ್ ಇರುವುದಿಲ್ಲವೆಂದು ಪ್ರಕಟಿಸಿದಾಗ ಲೈಫ್‌ಟೈಮ್ ಎಂದು ನಂಬಿ ಕೊಂಡಿದ್ದವರಿಗೆ ಬಹಳ ಬೇಸರವಾಯಿತು. ಆದ್ದರಿಂದ ಹೊಸ ಮಾದರಿಯನ್ನೇ ಆರಿಸಿ, ರಿಯಾಯಿತಿಯ ಆಸೆಗೆ ಹಳೆಯದನ್ನು ತರಬೇಡಿ. ಮೆಮೊರಿ ಕಾರ್ಡ್ ಹಾಕುವ ಕಿಂಡಿ ಇರಲೇಬೇಕು. ವರ್ಷದಿಂದ ವರ್ಷಕ್ಕೆ ನಕ್ಷೆ ದಪ್ಪವಾಗುತ್ತ ಹೋಗಿ, ಒಳಗಿನ ಜಾಗ ಸಾಲದೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಟ್ರಾಫಿಕ್ ಮಾಹಿತಿ ಬರುತ್ತದೆ ಎಂದರೆ ಯಾವ ದಾರಿಯಲ್ಲಿ ಬರುತ್ತದೆಂದು ಕೇಳಿ. ಕೆಲವಕ್ಕೆ ಅದು ಎಫ್‌ಎಂ ರೇಡಿಯೊ ಮೂಲಕ ಬರುತ್ತದೆ, ಆ ಪ್ರಸಾರ ಇರುವ ಪ್ರದೇಶದಲ್ಲಿ ಮಾತ್ರ ಉಪಯೋಗ. ಅದರ ಆಂಟೆನಾ ಚಾರ್ಜರ್‌ನ ವೈರಿನೊಳಗೇ ಇರುವುದರಿಂದ ಬೇರೆ ಚಾರ್ಜರ್ ಹಾಕಿದರೆ ಮಾಹಿತಿ ನಿಂತುಹೋಗಬಹುದು. ಇನ್ನು ಕೆಲವಕ್ಕೆ ನಿಮ್ಮ ಫೋನಿನ ಇಂಟರ್ನೆಟ್ಟೇ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸಾಧನ ತೋರಿಸುವ ತಾರೀಖನ್ನು ನೋಡಿ. ಜಿಪಿಎಸ್ ವಾರಗಳನ್ನು ಎಣಿಸುವ ಹಳೆಯ ಕ್ರಮದಲ್ಲಿ 1,024 ವಾರಗಳಾದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ಕಳೆದ ಬಾರಿ ಆದದ್ದು 2019ರ ಏಪ್ರಿಲ್ 6ರ ರಾತ್ರಿ. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೆಯ ಸಾಧನ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಬಹುದು. ಅಂಥದ್ದನ್ನು ಬಿಟ್ಟುಬಿಡಿ.

ಗಾಜಿಗೆ ಹಿಡಿಸುವ ಹಿಡಿಕೆಯನ್ನು ಯಾರೂ ಹೋಲಿಸುವುದಿಲ್ಲ. ಅದರ ರಬ್ಬರ್ ಬಟ್ಟಲು ಮೆದುವಾಗಿರಲಿ, ಒತ್ತಿ ಬಿಗಿಮಾಡುವ ಲಿವರ್ ಇರಲಿ. ಬಟ್ಟಲು ಗಟ್ಟಿಯಾಗಿದ್ದರೆ ಬಿಸಿಲಿಗೆ ಕಾದು ಸಡಿಲಗೊಂಡು, ತಿರುವಿನ ನಡುವೆಯೇ ಸಾಧನ ಚಾಲಕನ ಕಾಲ ಬಳಿ, ಬ್ರೇಕಿನ ಪಕ್ಕಕ್ಕೆ ಬೀಳುತ್ತದೆ. ಗಾಜನ್ನು ಒರೆಸಿ, ಬಟ್ಟಲನ್ನು ತುಸು ತೇವ ಮಾಡಿ ಒತ್ತಿದರೆ ನಿಲ್ಲುತ್ತದೆ. ಅಂಟು ಹಚ್ಚಿದ ಅಗ್ಗದ ಹಿಡಿಕೆಗಳನ್ನು ಮುಟ್ಟಲೇಬೇಡಿ. ನಿಮ್ಮ ಕಾರಿನ ಮುಂದಿನ ಗಾಜಿಗೆ ಲೋಹದ ತೆಳುಲೇಪ ಇದ್ದರೆ ಉಪಗ್ರಹದ ಸಂಕೇತ ಕುಂದುತ್ತದೆ. ಹಾಗಿದ್ದರೆ ಹೊರಗಿನ ಆಂಟೆನಾ ಜೋಡಿಸಲು ಬರುವ ಸಾಧನವೇ ಬೇಕು. ಬ್ಯಾಟರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕಾರಿನ ಸಾಕೆಟ್ಟಿಗೆ ಸಿಕ್ಕಿಸಿಯೇ ಓಡಿಸುತ್ತೀರಿ.

ಕೊಂಡು ತಂದ ದಿನ ರಾತ್ರಿಯೇ ನಕ್ಷೆಯ ಅಪ್‌ಡೇಟ್ ಹಾಕಿ ಮಲಗಿ, ಅದಕ್ಕೆ ಗಂಟೆಗಳೇ ಹಿಡಿಯಬಹುದು. ‘ಮನೆ’ ಎಂಬ ಗುಂಡಿಗೆ ನಿಮ್ಮ ಮನೆಯ ವಿಳಾಸವನ್ನು ಕೊಡಬೇಡಿ, ಹತ್ತಿರದ ಕೂಡುರಸ್ತೆಯನ್ನು ಕೊಡಿ. ಸಾಧನ ಕಳುವಾದರೆ ಕದ್ದವನಿಗೆ ನಿಮ್ಮ ಬಾಗಿಲಿನ ದಾರಿ ಸಿಗಬಾರದು. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಅದೇ ಕಾಗದವನ್ನು ಹಿಡಿದು ಕನಿಷ್ಠ ಎರಡು ವಿಳಾಸಗಳಿಗೆ ನಿಜವಾಗಿಯೂ ಕಾರಿನಲ್ಲಿ ಹೋಗಿ, ಒಂದು ಪ್ರಯಾಣದಲ್ಲಿ ಸುರಕ್ಷಿತವಾದ ಕಡೆ ಬೇಕೆಂದೇ ತಿರುವು ಬಿಟ್ಟು ಮುಂದೆ ಸಾಗಿ. ತಿರುವು ತಪ್ಪಿದಾಗ ಸಾಧನ ಎಷ್ಟು ಬೇಗ ಹೊಸ ದಾರಿ ಹುಡುಕುತ್ತದೆ ಎಂಬುದನ್ನು ರಸ್ತೆಯ ಮೇಲೆಯೇ ಪರೀಕ್ಷಿಸಬೇಕು. ಮುಂದಿನ ತಿರುವು ಎದುರಾಗುವ ಮೊದಲೇ ಹೊಸ ದಾರಿಯನ್ನು ಹೇಳಿದರೆ ಸಾಧನವನ್ನು ಇಟ್ಟುಕೊಳ್ಳಿ. ಆ ತಿರುವೂ ದಾಟಿದ ಮೇಲೆ ಮಾತಾಡಿದರೆ, ರಸೀದಿ ಜೊತೆಗಿಟ್ಟು ಹಿಂದಿರುಗಿಸಿ.