ಕೂಗಿದರೆ ಬರುವ ಹೋರಿ

ಹೋರಿ ಹಬ್ಬ ಅಂದರೆ ಕೊಬ್ಬರಿ ಬಟ್ಟಲಿನ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುವುದು; ಸರ ಕೀಳಲು ಬಂದವರ ಕೈಗೆ ಸಿಗದೆ ದಾಟಿದರೆ ಹೋರಿ ಗೆದ್ದಂತೆ. ನಮ್ಮ ಹಾವೇರಿ ಕಡೆ ಹೋರಿ ಕಟ್ಟಿದವನಿಗೆ ಎಲ್ಲರೂ ಕೇಳುವ ಮಾತು ಒಂದೇ: "ಎಷ್ಟು ಹಬ್ಬದಾಗ ಕೊಬ್ಬರಿ ಉಳಿಸೇತಿ?" ನನ್ನ ಹೋರಿ ಮೊದಲ ಹಬ್ಬದಲ್ಲೇ ಕೊಬ್ಬರಿಯನ್ನೆಲ್ಲ ಉಳಿಸಿಕೊಂಡಿತು. ಹೋರಿಯೇ ಸಿಗಲಿಲ್ಲ.

ಅವತ್ತು ಬಲಿಪಾಡ್ಯಮಿ. ಹಾನಗಲ್ ತಾಲ್ಲೂಕಿನ ಒಂದು ಊರಿನ ಅಖಾಡ. ಬಿಟ್ಟ ಮೇಲೆ ಹತ್ತು ಎಣಿಸುವಷ್ಟರಲ್ಲಿ ಆಚೆ ತುದಿ ದಾಟಿತ್ತು. ಒಬ್ಬನ ಕೈಯೂ ಸರಕ್ಕೆ ತಾಗಿರಲಿಲ್ಲ. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತರು. ಕೆಳಗೆ ಇಳಿಸಿದಾಗ ನೋಡಿದರೆ, ಗೋವಿನಜೋಳ ಕೊಯ್ದ ಹೊಲದ ಆಚೆ ಬರೀ ಧೂಳು. ರಾತ್ರಿಯೆಲ್ಲ ನಾಲ್ಕು ಬೈಕಿನ ಮೇಲೆ ಹುಡುಕಿದೆವು. ಮರುದಿನ ಮಧ್ಯಾಹ್ನ ಮೂರು ಊರು ಆಚೆ ಕಬ್ಬಿನ ಗದ್ದೆಯಲ್ಲಿ ನಿಂತಿತ್ತು. ಹಗ್ಗ ಹಿಂಗಾಲಿಗೆ ಸುತ್ತಿಕೊಂಡು ಚರ್ಮ ಸುಲಿದಿತ್ತು. ನನ್ನನ್ನು ಕಂಡದ್ದೇ ಮತ್ತೆ ಓಡಲು ನೋಡಿತು.

ಜೊತೆಗೆ ಬಂದಿದ್ದ ನಮ್ಮೂರಿನ ಕಾಕಾ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ತಮ್ಮಾ, ಓಡೂದು ಅದಕ್ಕ ಹುಟ್ಟಿಂದ ಬರತೈತಿ. ನೀ ತಿರುಗಿ ಬರೂದು ಕಲಸು" ಅಂದ. ಸಿಟ್ಟು ಬಂತು. ಆದರೂ ಮುಂದಿನ ಒಂದು ವರ್ಷ ನಾನು ಮಾಡಿದ್ದು ಅದನ್ನೇ.

ಈ ಹೋರಿ ಬಂದದ್ದು ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರದ ಹರಾಜಿನಿಂದ. ಜೋಡಿ ಕೊಂಡು ನಾನೊಂದು, ಬಾಜೂ ಮನೆಯವನೊಂದು ಇಟ್ಟುಕೊಂಡೆವು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನುತ್ತಿದ್ದ ದನಗಳಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಸೈನ್ಯದ ತೋಪು, ಸಾಮಾನು ಎಳೆದ ತಳಿ. ಹಿಂದಕ್ಕೆ ಬಾಗಿ ಮೇಲಕ್ಕೇರಿದ ಕೋಡು, ತುದಿ ಸೂಜಿಯಂತೆ. ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬಿಡುಬೀಸಾಗಿ ಮೇದು ಬೆಳೆದ ಕರು, ಹಗ್ಗ ಎಂದರೇನೆಂದು ಗೊತ್ತಿಲ್ಲ, ಮನುಷ್ಯನ ವಾಸನೆಗೇ ಬುಸುಗುಡುತ್ತಿತ್ತು. ಇನ್ನೂ ಹಲ್ಲು ಮಾಡಿರಲಿಲ್ಲ, ಅಂದರೆ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿರಲಿಲ್ಲ; ದನದ ವಯಸ್ಸು ಎಣಿಸುವುದು ಹೀಗೆ. 'ಕಾವಲ ದೊರೆ' ಅಂತ ಹೆಸರಿಟ್ಟೆವು. ಎರಡು ಹಲ್ಲಾದ ವರ್ಷವೇ ಅಖಾಡಕ್ಕೆ ಇಳಿಸಿದ್ದು ನನ್ನ ಅವಸರ. ಈಗಾಗಿದ್ದರೆ ನಾಲ್ಕು ಹಲ್ಲಾಗುವವರೆಗೆ ಕಾಯುತ್ತಿದ್ದೆ.

ಕಾಲಿನ ಗಾಯ ಮಾಯಲು ಸಂಕ್ರಾಂತಿ ದಾಟಿತು. ಆ ವರ್ಷ ಮತ್ತೆ ಹಬ್ಬಕ್ಕೆ ಒಯ್ಯಲಿಲ್ಲ.

ಕಲಿಸಿದ್ದು ಒಂದು ತಗಡಿನ ಡಬ್ಬಿಯಿಂದ. ಒಳಗೆ ಒಂದು ಹಿಡಿ ಹುರುಳಿ. ದಿನಾ ಸಂಜೆ ನೆನೆಸಿದ ಹುರುಳಿ ಇಡುವ ಮೊದಲು ಡಬ್ಬಿ ಅಲುಗಿಸುತ್ತಿದ್ದೆ. ಹದಿನೈದು ದಿನಕ್ಕೆ ಸಪ್ಪಳ ಕೇಳಿದರೆ ಮೇವು ಹಾಕುವ ಗ್ವಾದಲಿ ಕಡೆ ಮೂತಿ ತಿರುಗಿಸತೊಡಗಿತು. ಆಮೇಲೆ ಹೊಲದಲ್ಲಿ ನಲವತ್ತು ಅಡಿ ಹಗ್ಗ ಬಿಟ್ಟು ಅಲುಗಿಸಿದೆ. ಬಂದರೆ ಹುರುಳಿ ಮತ್ತು ಒಂದು ಚೂರು ಬೆಲ್ಲ. ಬರದಿದ್ದರೆ ಏನೂ ಇಲ್ಲ, ಬೈಗುಳವೂ ಇಲ್ಲ. ಹಗ್ಗ ಹಿಡಿದು ಎಳೆಯಬಾರದು. ಎಳೆದರೆ ಡಬ್ಬಿ ಸಪ್ಪಳಕ್ಕೂ ಮೂಗುದಾರದ ನೋವಿಗೂ ಗಂಟು ಬಿದ್ದುಬಿಡುತ್ತದೆ. ಒಂದು ಸಲ ಸಿಟ್ಟಿನಲ್ಲಿ ಎಳೆದೆ, ಎರಡು ವಾರದ ದುಡಿಮೆ ನೀರಿನಲ್ಲಿ ಹೋಯಿತು.

ಮುಂಗಾರು ಹಿಡಿದ ಮೇಲೆ ನಮ್ಮ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಓಡಿಸುವಂತಿಲ್ಲ, ಗೊರಸು ಹೂತು ಕಾಲು ಉಳುಕುತ್ತದೆ. ಹಾಗಾಗಿ ವಾರಕ್ಕೆ ಮೂರು ದಿನ ಕೆರೆಯಲ್ಲಿ ಈಜು. ಎದೆಗೂಡು ಬಿರಿಯುವಷ್ಟು ಉಸಿರು ಬೇಕಾಗುತ್ತದೆ, ಕೀಲಿಗೆ ಪೆಟ್ಟಿಲ್ಲ. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ದೂರದಲ್ಲಿ ನಿಲ್ಲಿಸಿ ಹಲಗೆ ವಾದ್ಯದ ಸಪ್ಪಳ ಕೇಳಿಸಿದೆ. ಆಮೇಲೆ ವಾರ ವಾರ ಸ್ವಲ್ಪ ಹತ್ತಿರ.

ಮೇವಿನಲ್ಲಿ ನಾನೇ ಎಡವಟ್ಟು ಮಾಡಿದೆ. ನವರಾತ್ರಿ ಸಮೀಪ ಬಂತೆಂದು ಗೋಧಿ, ಗೋವಿನಜೋಳದ ನುಚ್ಚು ಒಮ್ಮೆಲೇ ದುಪ್ಪಟ್ಟು ಮಾಡಿದೆ. ಮರುದಿನವೇ ಮೆಲುಕು ನಿಂತಿತು. ಎಡಪಕ್ಕೆ ಉಬ್ಬಿತು, ಸಗಣಿ ನೀರಾಯಿತು, ಹುಳಿ ವಾಸನೆ. ಪಶು ಡಾಕ್ಟರು ಅಡುಗೆ ಸೋಡಾ ಕುಡಿಸಿ, ಔಷಧ ಕೊಟ್ಟು, ಎರಡು ದಿನ ಬರೀ ಕಣಿಕಿ, ಅಂದರೆ ಜೋಳದ ಒಣ ದಂಟು, ಹಾಕಿಸಿದರು. ಮೆಲುಕು ಹಾಕುವ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹೊಸ ಕಾಳಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯೇರುತ್ತದೆ, ಹೋರಿ ಸಾಯಲೂಬಹುದು ಎಂದು ಅವರೇ ಹೇಳಿದ್ದು. ಈಗ ನಮ್ಮ ಮನೆಯಲ್ಲಿ ಕಾಳು ಹೆಚ್ಚಿಸುವುದು ಹಿಡಿ ಹಿಡಿಯಾಗಿ. ಕಣಿಕಿ, ಶೇಂಗಾ ಹೊಟ್ಟು ಮೊದಲು, ಕಾಳು ಆಮೇಲೆ.

ಕೊಬ್ಬರಿ ಕಟ್ಟುವುದರ ಬಗ್ಗೆಯೂ ಹೇಳಬೇಕು. ಸರ ಹರಿಯಬಾರದೆಂದು ನೈಲಾನ್ ದಾರ ಹಾಕುವವರಿದ್ದಾರೆ. ನಾನೂ ಮೊದಲ ಸಲ ಹಾಕಿದ್ದೆ. ಅದು ಹೋರಿಯ ಕುತ್ತಿಗೆಯನ್ನೂ ಕೊಯ್ಯುತ್ತದೆ, ಕೈ ಸಿಕ್ಕಿಸಿಕೊಂಡ ಹುಡುಗನನ್ನೂ ಎಳೆದುಕೊಂಡು ಹೋಗುತ್ತದೆ. ಈಗ ಸಣಬಿನ ಹುರಿ, ಬಟ್ಟಲು ಬಟ್ಟಲಿಗೂ ಒಂದು ಸಡಿಲು ಗಂಟು. ಗಟ್ಟಿಯಾಗಿ ಜಗ್ಗಿದರೆ ಸರ ಕಿತ್ತು ಬರುತ್ತದೆ, ಬರಲಿ. ಹಬ್ಬದಲ್ಲಿ ಪ್ರತಿ ವರ್ಷ ಜೀವ ಹೋಗುವುದನ್ನು ಕಂಡೂ ಎರಡು ಬಟ್ಟಲು ಕೊಬ್ಬರಿಗೆ ಹಟ ಮಾಡುವುದು ನನ್ನ ಕೈಲಾಗದು.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. ಬಾಲ ತಿರುಚಿ, ಕಣ್ಣಿಗೆ ಖಾರ ಸವರಿ ಬಿಡುವವರನ್ನು ನೋಡಿದ್ದೇನೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಷೇಧಿಸಿದಾಗ ಇಲ್ಲಿಯೂ ಎದೆ ಡವಡವ ಅಂದಿತ್ತು. 2017ರಲ್ಲಿ ನಮ್ಮ ರಾಜ್ಯ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ತಿದ್ದಿತು, 2023ರ ಮೇ ತಿಂಗಳಲ್ಲಿ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಿಂಸೆ ಮಾಡಬಾರದು ಎಂಬ ಷರತ್ತಿನ ಮೇಲೆ ಉಳಿದ ಹಬ್ಬ ಇದು. ಕಾನೂನು ಒತ್ತಟ್ಟಿಗಿರಲಿ, ಖಾರ ಹಚ್ಚಿಸಿಕೊಂಡ ಹೋರಿಗೆ ಡಬ್ಬಿ ಸಪ್ಪಳ ಕೇಳಿಸುವುದಿಲ್ಲ. ಅದು ಅಖಾಡ ದಾಟಿದ ಮೇಲೂ ಓಡುತ್ತಲೇ ಇರುತ್ತದೆ.

ಎರಡನೇ ವರ್ಷ ದೀಪಾವಳಿಯಿಂದ ಯುಗಾದಿಯೊಳಗೆ ಆರು ಹಬ್ಬ ಮಾಡಿದೆವು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹದಿನೈದು ದಿನವಾದರೂ ಬಿಡುವು. ಓಡಿ ಬಂದ ಮೇಲೆ ಅರ್ಧ ತಾಸು ನಡೆಸುವುದು, ಆಮೇಲೆ ನೀರು, ಕಾಳು ರಾತ್ರಿಗೆ. ಎರಡು ಕಡೆ ಬಹುಮಾನ ಬಂತು. ಒಂದು ತಿಜೂರಿ, ಒಂದು ಸೀಲಿಂಗ್ ಫ್ಯಾನು. ಹೋರಿಯ ಅಭಿಮಾನಿ ಬಳಗದ ಹುಡುಗರಿಗೆ ಬಹುಮಾನದ ಬೈಕಿನ ಮೇಲೆ ಕಣ್ಣು.

ಬೈಕು ಇಟ್ಟಿದ್ದ ಹಬ್ಬ ಬ್ಯಾಡಗಿ ಕಡೆಯದು. ಅಲ್ಲಿ ಹೋರಿ ಚೆನ್ನಾಗಿಯೇ ಹೊರಟಿತು. ಅರ್ಧ ದಾರಿಯಲ್ಲಿ ಇಬ್ಬರು ಗಟ್ಟಿ ಪೈಲ್ವಾನರು ಎರಡೂ ಬದಿಯಿಂದ ಬಿದ್ದು ಮೂರು ಸರ ಕಿತ್ತುಕೊಂಡರು. ನಾನು ಅದನ್ನು ನೋಡಲಿಲ್ಲ, ಆಮೇಲೆ ಮೊಬೈಲಿನಲ್ಲಿ ತೋರಿಸಿದರು. ನಾನಿದ್ದದ್ದು ಅಖಾಡದ ಆಚೆ, ಒಂದು ಜಾಲಿ ಮರದ ಕೆಳಗೆ, ಡಬ್ಬಿ ಹಿಡಿದು. ದೊರೆ ಧೂಳಿನಿಂದ ಹೊರಬಂದು ಹೊಲಕ್ಕೆ ನುಗ್ಗಿತು. ಅಲುಗಿಸಿದೆ. ನಿಲ್ಲಲಿಲ್ಲ. ಮತ್ತೆ ಅಲುಗಿಸಿದೆ. ಬದುವಿನ ಹತ್ತಿರ ಒಂದು ಕಿವಿ ಹಿಂದಕ್ಕೆ ಬಂತು, ನಡಿಗೆ ಸಣ್ಣದಾಯಿತು. ಅರ್ಧ ಸುತ್ತು ಹೊಡೆದು, ಮೂಗಿನಿಂದ ಬಿಸಿ ಗಾಳಿ ಬಿಡುತ್ತಾ ಬಂದು ಡಬ್ಬಿಯೊಳಗೆ ಮೂತಿ ಇಟ್ಟಿತು.

ಹುಡುಗರು ಓಡಿ ಬಂದರು. "ಅಣ್ಣಾ, ಬೈಕ್ ಹೋತಲ್ಲೋ" ಅಂದ ಒಬ್ಬ. ಅದರ ಕೋಡಿಗೆ ಸಿಕ್ಕಿದ್ದ ಬಲೂನಿನ ಚೂರು ಬಿಡಿಸು ಅಂತ ಅವನಿಗೇ ಹೇಳಿದೆ.