ನಿನ್ನೆ ಎದ್ದಾಗಿಂದ ಹೇಳಿ ಅಂತ ಕೇಳಿ ನೋಡಿ

ಮಂಡ್ಯ ಕಡೆ ಹಳ್ಳಿಗಳಲ್ಲಿ ಹೆಣ್ಮಕ್ಕಳ ದುಡಿಮೆ ಬಗ್ಗೆ ಸರ್ವೇ ಮಾಡ್ತಿದೀನಿ, ಪಿಎಚ್‌ಡಿಗೆ. ಪ್ರಶ್ನಾವಳಿ ಹೇಗೆ ಮಾಡ್ಕೊಂಡೆ ಅಂತ ಜೂನಿಯರ್ಸ್ ಕೇಳ್ತಿರ್ತಾರೆ, ಅದಕ್ಕೇ ಇದು.

"ಏನ್ ಕೆಲ್ಸ ಮಾಡ್ತೀರಾ ಅಕ್ಕ" ಅಂತ ಕೇಳಿದ್ರೆ ಮುಕ್ಕಾಲು ಜನ ಹೇಳೋದು "ಏನಿಲ್ಲ ಕಣವ್ವ, ಮನೇಲೇ ಇರ್ತೀನಿ" ಅಂತ. ಅದನ್ನೇ ಬರ್ಕೊಂಡ್ರೆ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ, ಅಂದ್ರೆ ಎನ್‌ಎಸ್‌ಎಸ್ ಕೋಡ್ 92, ಬರೀ ಮನೆಗೆಲಸ. ಜೊತೆಗೆ ಸೌದೆ, ಮೇವು ತರ್ತಾರೆ ಅಂದ್ರೆ 93. ಎರಡೂ ಲೇಬರ್ ಫೋರ್ಸ್, ಅಂದ್ರೆ ದುಡಿಯೋರು, ಕೆಲಸ ಹುಡುಕೋರ ಲೆಕ್ಕಕ್ಕೆ ಬರಲ್ಲ!

ಅದಕ್ಕೆ ನಾನು ಆ ಪ್ರಶ್ನೆನ ಕೊನೆಗೆ ಹಾಕ್ಬಿಟ್ಟು ಮೊದ್ಲು ನಿನ್ನೆ ದಿನ ಪೂರ್ತಿ ಕೇಳ್ತೀನಿ. ಹೊಸದೇನಲ್ಲ, ಟೈಮ್ ಯೂಸ್ ಸರ್ವೇ ಅಂತಾರಲ್ಲ ಅದೇ. ನಮ್ ದೇಶದಲ್ಲಿ 1998-99ರಲ್ಲಿ ಆರು ರಾಜ್ಯದಲ್ಲಿ ಪೈಲಟ್ ಆಯ್ತು, ದೇಶಪೂರ್ತಿ ಮೊದಲ ಸಲ ಆಗಿದ್ದು 2019ರಲ್ಲಿ, ಬೆಳಗಿನ ಜಾವ 4ರಿಂದ ಮಾರನೇ ದಿನ 4ರವರೆಗೆ, ಅರ್ಧರ್ಧ ಗಂಟೆ ಲೆಕ್ಕ.

ಒಬ್ರು ಹೇಳಿದ್ದು ಕೇಳಿ: ಎದ್ದು ಸಗಣಿ ಬಾಚಿ, ಬಾಗ್ಲಿಗೆ ನೀರ್ ಹಾಕಿ, ಎರಡು ಸೀಮೆಹಸು ಹಾಲು ಕರೆದು, ಡೈರಿಗೆ ಹಾಕ್ಬಿಟ್ಟು ಬಂದು, ಮುದ್ದೆ ತೊಳಸಿ, ಆಮೇಲೆ ಗದ್ದೇಲಿ ಕಳೆ ಕಿತ್ತು, ಬರ್ತಾ ಒಂದ್ ಹೊರೆ ಹುಲ್ಲು. ಇದೆಲ್ಲ ಆದ್ಮೇಲೂ "ಮನೇಲೇ ಇರ್ತೀನಿ"! ಹಾಲಿನ ಪಾಸ್‌ಬುಕ್ ಗಂಡನ ಹೆಸರಲ್ಲಿತ್ತು ಬಿಡಿ.

ಎಷ್ಟ್ ಗಂಟೆ ಅಂತ ಮಾತ್ರ ಕೇಳ್ಬೇಡಿ, ಅಂದಾಜಿಗೆ ಏನೋ ಒಂದು ಹೇಳ್ತಾರೆ. ಡೈರಿಗೆ ಹೋಗೋಕ್ ಮುಂಚೇನಾ, ಸ್ಕೂಲ್ ವ್ಯಾನ್ ಬಂದ್ಮೇಲಾ, ಸೀರಿಯಲ್ ಟೈಮಿಗಾ ಅಂತ ಕೇಳಿದ್ರೆ ಟಕ್ ಅಂತ ಬರುತ್ತೆ, ಗಂಟೆ ನೀವೇ ಹಾಕ್ಕೊಬಹುದು.

ತಲೆನೋವು ಅಂದ್ರೆ ಒಟ್ಟೊಟ್ಟಿಗೆ ಮಾಡೋ ಕೆಲಸ. ಒಲೆ ಮುಂದೆ ಕೂತು ಮೊಮ್ಮಗು ಆಡಿಸ್ತಿದ್ರೆ ಯಾವ್ದು ಬರೀತೀರಾ? ನಾನು ಎರಡೂ ಬರ್ದು ಮುಖ್ಯವಾದ್ದು ಯಾವ್ದು ಅಂತ ಅವರನ್ನೇ ಕೇಳಿ ಟಿಕ್ ಹಾಕ್ತೀನಿ. ಮಗು ನೋಡ್ಕೊಳ್ಳೋದನ್ನ ಅವರಾಗೇ ಹೇಳೋದು ಕಮ್ಮಿ, "ಆಗ ಮಗು ಯಾರ ಹತ್ರ ಇತ್ತು" ಅಂತ ಕೇಳ್ಲೇಬೇಕು.

ಇನ್ನು ಗಂಡಸರು ಪಕ್ಕದಲ್ಲಿದ್ರೆ ಅವರೇ ಉತ್ರ ಹೇಳೋಕೆ ಶುರು ಮಾಡ್ತಾರೆ, ತಡೆಯೋಕಾಗಲ್ಲ. ಜೊತೆಗೆ ಬರೋ ಹುಡುಗ ಜಗಲಿ ಮೇಲೆ ಕೂತು ಅವ್ರತ್ರ ಜಮೀನು, ಬೋರ್‌ವೆಲ್ ಪ್ರಶ್ನೆ ಕೇಳ್ತಾನೆ, ನಾನು ಹಿತ್ಲಿಗೆ. ಮಧ್ಯಾಹ್ನ ಊಟ ಆದ್ಮೇಲೆ ಹೋದ್ರೆ ಒಳ್ಳೇದು, ಆಗ ಸ್ವಲ್ಪ ಕೂರ್ತಾರೆ. ಹಬ್ಬ, ತಿಥಿ ಮಾರನೇ ದಿನ ಹೋದ್ರೆ ಫಾರಂ ಮೇಲೆ ಅದನ್ನ ಗುರುತು ಹಾಕಿ, ಮಾಮೂಲಿ ದಿನದ ಜೊತೆ ಸೇರಿಸ್ಬೇಡಿ.